ಪೀಠಿಕೆಯ ಮೇಲಿನ ಮಾತು

ಹೆಡ್‌ಫೋನಿನ ಸ್ಪಂಜು ಪುಡಿಯಾಗಿ ಉದುರಿ ಕಿವಿಯ ಹಿಂದೆ ಅಂಟಿಕೊಳ್ಳುತ್ತಿದೆ, ಬೆರಳಿನಿಂದ ಒರೆಸಿದರೆ ಬೆರಳೂ ಕಪ್ಪು, ಮೂವತ್ತೊಂದು ವರ್ಷ ಈ ಕಪ್ಪನ್ನೇ ಮನೆಗೆ ಹೊತ್ತುಕೊಂಡು ಹೋದೆನಲ್ಲ ಎಂದುಕೊಳ್ಳುತ್ತಾಳೆ ಅವಳು, ಮಗಳು ಮೂರು ವರ್ಷದವಳಿದ್ದಾಗ ತಲೆದಿಂಬಿನ ಮೇಲಿನ ಕಲೆ ತೋರಿಸಿ ಅಮ್ಮನ ಕಿವಿಯಿಂದ ರೇಡಿಯೋ ಸೋರಿದೆ ಅಂದಿದ್ದಳು, ಮೇಷ್ಟ್ರು ಆ ಮಾತನ್ನು ಶಾಲೆಯಲ್ಲಿ, ಚರ್ಚಿನಲ್ಲಿ, ಹಾಲಿನವನ ಹತ್ತಿರ, ಸಿಕ್ಕಸಿಕ್ಕವರ ಹತ್ತಿರ ಹೇಳಿಕೊಂಡು ನಕ್ಕಿದ್ದರು, ಗಂಡನನ್ನು ಅವಳೂ ಮೇಷ್ಟ್ರು ಎಂದೇ ಕರೆಯುತ್ತಿದ್ದಳು, ಶಾಲೆಯಲ್ಲಿ ಸಂಗೀತದ ಮೇಷ್ಟ್ರು, ಭಾನುವಾರ ಚರ್ಚಿನ ಆರ್ಗನ್ ಮೇಷ್ಟ್ರು, ಊರಿಗೆಲ್ಲ ಮೇಷ್ಟ್ರಾದವರನ್ನು ತಾನೊಬ್ಬಳು ಬೇರೆ ಏನೆಂದು ಕರೆಯುವುದು — ಮುಂದಿನ ಟೇಪು ಹಾಕ್ಲಾ ಅಕ್ಕಾ, ಅನ್ನುತ್ತಾನೆ ರೇಡಿಯೋ ಸ್ಟೇಷನ್ನಿನ ಇಂಜಿನಿಯರ್, ಹಾಕಪ್ಪ, ಅನ್ನುತ್ತಾಳೆ, ಟೇಪು ಸುತ್ತತೊಡಗುತ್ತದೆ, ಮೊದಲು ಸರ್ರೆನ್ನುವ ಸದ್ದು, ಆಮೇಲೆ ಯಾರದೋ ಮನೆಯ ಒಳಕೋಣೆಯಿಂದ ಬರುವ ಹಾಗೆ ಆರ್ಗನ್ನಿನ ಎರಡು ಸ್ವರ, ಎರಡೇ, ಅಷ್ಟರಲ್ಲಿ ಅವಳೇ ಬಂದುಬಿಡುತ್ತಾಳೆ, ನಲವತ್ತರ ವಯಸ್ಸಿನ ಅವಳು, ಜೇನಿನಲ್ಲಿ ಅದ್ದಿ ತೆಗೆದ ದನಿ, ಪ್ರಿಯ ಕೇಳುಗರೇ ಶುಭೋದಯ, ಮಲಗಿದ್ದಲ್ಲಿಂದ ಎದ್ದು ಕೂತ ಹಾಗೆ ಮನಸ್ಸನ್ನೂ ಎಬ್ಬಿಸಿ ಕೂರಿಸೋಣ ಬನ್ನಿ, ಈ ಹಾಡನ್ನು ಕೇಳಿ ಬರೆದಿರುವವರು ಮೊಣಕಾಲಿನ ನೋವಿನಿಂದ ಚರ್ಚಿಗೆ ಹೋಗಲಾಗದ ಒಬ್ಬ ತಾಯಿ — ಆ ಮಾತಿನ ಕೆಳಗೆ, ಕಂಬಳಿ ಹೊದ್ದು ಮಲಗಿದವರ ಹಾಗೆ, ಮೇಷ್ಟ್ರ ಆರ್ಗನ್ ಎಲ್ಲೋ ಅಲುಗಾಡುತ್ತದೆ, ಮೊಣಕಾಲು ಬಂತು, ತಾಯಿ ಬಂದಳು, ದೇವರ ಕೃಪೆ ಬಂತು, ಕೊನೆಯ ಮಾತು ಮುಗಿದದ್ದೇ ಹಾಡುಗಾರನ ದನಿ ಎದ್ದಿತು, ಕೂದಲೆಳೆಯಷ್ಟೂ ಅಂತರವಿಲ್ಲ. ಇದೂ ಇಲ್ಲ, ಅಂದಳು. ಇದೂ ಇಲ್ಲ, ಅಂದ ಇಂಜಿನಿಯರ್. ಬೆಳಗಿನಿಂದ ಹದಿನಾಲ್ಕು ಟೇಪಾಯಿತು.

ನಾಳೆ ಹತ್ತು ಗಂಟೆಗೆ ಚರ್ಚಿನಲ್ಲಿ ಮೇಷ್ಟ್ರ ಸ್ಮರಣೆಯ ಪ್ರಾರ್ಥನೆ, ಅವರು ಹೋಗಿ ಇವತ್ತಿಗೆ ಹತ್ತೊಂಬತ್ತು ದಿನ, ಮಗಳು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಕೇಳಿದ್ದು ಇಷ್ಟೇ, ಅಪ್ಪ ನುಡಿಸಿದ್ದು ಒಂದಾದ್ರೂ ನಾಳೆ ಕೇಳಿಸಬೇಕು ಅಮ್ಮ, ಒಂದು ನಿಮಿಷದ್ದಾದ್ರೂ ಸಾಕು, ನಿನ್ನ ಮಾತಿಲ್ಲದ್ದು. ಕೊನೆಯ ಎರಡು ಪದ ಹೇಳುವಾಗ ಮಗಳು ದನಿ ಏರಿಸಲಿಲ್ಲ, ಮುಖ ಗಂಟಿಕ್ಕಲಿಲ್ಲ, ಉಪ್ಪಿನ ಡಬ್ಬಿ ಇಲ್ಲಿ ಕೊಡು ಅನ್ನುವ ಹಾಗೆ ಹೇಳಿದಳು, ಅದಕ್ಕೇ ಅದು ಒಳಗೆ ಇಳಿದು ಕೂತಿದ್ದು, ಜಗಳವಾಡಿದ್ದರೆ ತಾನೂ ಎರಡು ಮಾತಾಡಬಹುದಿತ್ತು, ಮಾತಿಗೇನು ಬರ. ಚರ್ಚಿನ ಗಾಯಕವೃಂದದ ಹಿರಿಯನೂ ಫೋನು ಮಾಡಿ ಅದನ್ನೇ ಅಂದ, ನಿಮಗೇನಕ್ಕ ಕಷ್ಟ, ರೇಡಿಯೋದಲ್ಲೇ ಇದ್ದೋರು, ರಾಶಿ ಇರುತ್ತೆ, ಒಂದು ಆರಿಸಿ ಕೊಡಿ. ರಾಶಿ ಇತ್ತು, ಇಲ್ಲವೆಂದಲ್ಲ, ಹದಿನೇಳು ವರ್ಷ ಈ ಸ್ಟೇಷನ್ನಿನ ಚಿಕ್ಕ ಸ್ಟುಡಿಯೋದಲ್ಲಿ ಎಷ್ಟು ಹಾಡುಗಾರರು ಬಂದು ಸ್ತೋತ್ರ ಹಾಡಿದರೋ ಅವರಿಗೆಲ್ಲ ವಾದ್ಯ ಮೇಷ್ಟ್ರದೇ, ಆದರೆ ಹೊಸ ಟೇಪು ಕೊಳ್ಳಲು ಸ್ಟೇಷನ್ನಿಗೆ ಕೈ ಬರುತ್ತಿರಲಿಲ್ಲ, ಹಳೆಯದನ್ನು ಅಳಿಸಿ ಅದರ ಮೇಲೇ ಹೊಸದು, ಅಳಿಸುವ ಮುಂಚೆ ಒಂದು ಹಳದಿ ಚೀಟಿ, ಅದರಲ್ಲಿ ಅಳಿಸಬಹುದು ಎಂದು ಬರೆದು ಕಾರ್ಯಕ್ರಮದವರ ಸಹಿ, ಆ ಸಹಿ ಅವಳದೇ, ಒಂದು ಕೈಯಲ್ಲಿ ಕಾಫಿ ಲೋಟ ಹಿಡಿದು ಇನ್ನೊಂದು ಕೈಯಲ್ಲಿ ಗೀಚಿದ ಸಹಿಗಳು, ಏನನ್ನು ಅಳಿಸುತ್ತಿದ್ದೇನೆ ಎಂದು ಒಂದು ಸಲವಾದರೂ ಮೇಲಿನ ಸಾಲು ಓದಿದ್ದರೆ, ಓದಿರಲಿಲ್ಲ, ನಾಳೆಯೂ ಬರುತ್ತಾರೆ, ನಾಳೆಯೂ ನುಡಿಸುತ್ತಾರೆ, ಮನೆಯವರೇ ತಾನೇ. ಈಗ ಉಳಿದಿರುವುದು ಪ್ರಸಾರವಾದದ್ದರ ನಕಲು ಮಾತ್ರ, ಅದನ್ನೂ ಮೂರು ತಿಂಗಳಿಗೆ ಅಳಿಸಬೇಕು ಎಂಬ ನಿಯಮ, ಇಂಜಿನಿಯರ್ ತಿಂಗಳಿಗೊಂದರಂತೆ ಅಳಿಸದೆ ಬೀರುವಿನ ಮೇಲೆ ಎಸೆದಿದ್ದ. ಪ್ರೀತಿಯಿಂದ ಇಟ್ಟಿದ್ದಲ್ಲ ಅಕ್ಕಾ, ಶುದ್ಧ ಸೋಮಾರಿತನ, ಅದಕ್ಕೂ ಒಂದು ಪ್ರಶಸ್ತಿ ಇದ್ರೆ ನನ್ನ ಹೆಸರು ಬರೆದು ಕಳಿಸಿ. ಇನ್ನೆರಡು ವರ್ಷಕ್ಕೆ ಅವನೂ ನಿವೃತ್ತ, ಕನ್ನಡಕ ಹಣೆಯ ಮೇಲೇ ಇರುತ್ತದೆ, ಅದನ್ನೇ ಹುಡುಕುತ್ತಿರುತ್ತಾನೆ, ಕೋಣೆಯ ಮೂಲೆಯಲ್ಲಿ ಏಸಿಯ ನೀರು ಬಕೆಟ್ಟಿಗೆ ತೊಟ್ಟಿಕ್ಕುತ್ತದೆ, ಕಿಟಕಿಯ ಪರದೆಯ ಸಂದಿಯಿಂದ ಮೂರು ಗಂಟೆಯ ಬಿಸಿಲು ಟೇಪುಗಳ ಮೇಲಿನ ದೂಳನ್ನು ತೋರಿಸುತ್ತಿದೆ.

ಹಾಡುವ ದನಿ ಶುರುವಾಗುವ ಮುಂಚೆ ಬರುವ ವಾದ್ಯದ ತುಂಡಿಗೆ ಸ್ಟೇಷನ್ನಿನಲ್ಲಿ ಪೀಠಿಕೆ ಎನ್ನುತ್ತಿದ್ದರು, ಇಡೀ ಹಾಡಿನಲ್ಲಿ ಮೇಷ್ಟ್ರೊಬ್ಬರೇ ಇರುತ್ತಿದ್ದುದು ಅಲ್ಲಿ ಮಾತ್ರ, ಆಮೇಲೆ ಹಾಡುಗಾರ ಬರುತ್ತಾನೆ, ತಬಲಾ ಬರುತ್ತದೆ, ಗಿಟಾರು ಬರುತ್ತದೆ, ಮೇಷ್ಟ್ರು ಹಿಂದೆ ಸರಿದು ಗೋಡೆಗೆ ಬಣ್ಣವಾಗಿ ನಿಂತುಬಿಡುತ್ತಾರೆ, ಮತ್ತು ಆ ಪೀಠಿಕೆಯ ಮೇಲೆಯೇ ಅವಳ ಮಾತು. ಅದೇ ಅವಳ ಹೆಸರು, ಅದೇ ಅವಳ ಅನ್ನ. ಬೆಳಗಿನಕ್ಕ ಎಂದು ಜನ ಕರೆದದ್ದು ಅದಕ್ಕೇ, ಬೆಳಗಿನಕ್ಕನ ಮಾತು ಮುಗಿಯೋದೂ ಹಾಡು ಏಳೋದೂ ಸೂಜಿಗೆ ದಾರ ಪೋಣಿಸಿದ ಹಾಗೆ, ಎಂದು ಒಬ್ಬ ದರ್ಜಿ ಪತ್ರ ಬರೆದಿದ್ದ, ಆ ಪತ್ರವನ್ನು ಅವಳು ಗಾಜು ಹಾಕಿಸಿ ಗೋಡೆಗೆ ತೂಗುಹಾಕಿದ್ದಳು, ಹೊಸದಾಗಿ ಬಂದ ನಿರೂಪಕರು ಪಕ್ಕದಲ್ಲಿ ಕೂತು ಹೇಗೆ ಮಾಡ್ತೀರಾ ಅಕ್ಕಾ ಎಂದು ಕೇಳಿದರೆ, ಅದು ಕಲಿಸಿ ಬರೋದಲ್ಲ, ಒಳಗಿಂದ ಬರಬೇಕು, ಅನ್ನುತ್ತಿದ್ದಳು, ಅಂದು ಸ್ವಲ್ಪ ಹೊತ್ತು ಕಣ್ಣು ಮುಚ್ಚುತ್ತಿದ್ದಳು ಕೂಡ, ಈಗ ನೆನೆದರೆ ಕಿವಿ ಬೆಚ್ಚಗಾಗುತ್ತದೆ. ಹಾಡುಗಳು ಅವಳಿಗೆ ಹಾಡಾಗಿ ಗೊತ್ತೇ ಇರಲಿಲ್ಲ, ಇದು ಹದಿನೆಂಟು ಸೆಕೆಂಡು, ಇದು ಇಪ್ಪತ್ತೆರಡು, ಇದು ಬರೀ ಒಂಬತ್ತು, ಕುರುಬನ ಹಾಡು ಇಪ್ಪತ್ತಾರು, ಶಿಲುಬೆಯ ಹಾಡು ಹದಿನೈದು, ಹಾಗೆ ಗೊತ್ತಿತ್ತು, ಮನೆಗೆ ಬಂದು ಮೇಷ್ಟ್ರಿಗೆ ಹೇಳುತ್ತಿದ್ದಳು, ಆ ಹೊಸ ಹಾಡಿನ ಪೀಠಿಕೆ ಸಾಲಲ್ಲ, ಪತ್ರದೋರ ಹೆಸರು ಹೇಳಿ ಮುಗಿಸೋಷ್ಟರಲ್ಲಿ ಅವನು ಬಾಯಿ ಹಾಕ್ತಾನೆ, ಇನ್ನೊಂದು ಎಂಟು ಸೆಕೆಂಡು ಸೇರಿಸಿ. ಸೇರಿಸೋಣ, ಅನ್ನುತ್ತಿದ್ದರು. ಬಟ್ಟೆಯ ಅಂಚು ಬಿಚ್ಚಿ ಉದ್ದ ಮಾಡಿಕೊಡಿ ಅಂದ ಹಾಗೆ ಹೇಳುತ್ತಿದ್ದೆನಲ್ಲ, ಒಂದು ದಿನವೂ ಆ ಎಂಟು ಸೆಕೆಂಡಿನಲ್ಲಿ ಏನು ಮಾಡಿದಿರಿ ಎಂದು ಕೇಳಲಿಲ್ಲವಲ್ಲ.

ಮನೆಯಲ್ಲಿ ಕೇಳಿಸಿಕೊಂಡಿದ್ದೆನೇ, ಅದೂ ಇಲ್ಲ. ನಾಲ್ಕೂವರೆಗೆ ಎದ್ದು, ಐದಕ್ಕೆ ಮನೆ ಬಿಟ್ಟು, ಆರಕ್ಕೆ ಮೈಕಿನ ಮುಂದೆ, ಮಧ್ಯಾಹ್ನ ಮನೆಗೆ ಬಂದರೆ ಕಣ್ಣು ತಾನಾಗಿ ಮುಚ್ಚುತ್ತಿತ್ತು, ಶಾಲೆಯಿಂದ ಬಂದ ಮೇಷ್ಟ್ರು ಹೆಂಡತಿಗೆ ನಿದ್ದೆ ಕೆಡಬಾರದೆಂದು ಕೀಬೋರ್ಡಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ನುಡಿಸುತ್ತಿದ್ದರು, ಗೋಡೆಯಾಚೆಯಿಂದ ಅವಳಿಗೆ ಕೇಳಿಸುತ್ತಿದ್ದುದು ಪ್ಲಾಸ್ಟಿಕ್ ಕೀಲಿಗಳ ಟಕಟಕ ಸದ್ದು ಮಾತ್ರ, ಯಾರೋ ಬೀನ್ಸು ಮುರಿಯುತ್ತಿರುವ ಹಾಗೆ, ಆ ಸದ್ದಿಗೆ ಒಳ್ಳೆಯ ನಿದ್ದೆ ಬರುತ್ತಿತ್ತು, ಮೇಷ್ಟ್ರೇ ನಿಮ್ಮ ಟಕಟಕ ನನಗೆ ಜೋಗುಳ ಎಂದು ಹೇಳಿ ಅದನ್ನೊಂದು ಹೊಗಳಿಕೆ ಎಂದುಕೊಂಡಿದ್ದಳು. ಇನ್ನು ಭಾನುವಾರ ಏಳರಿಂದ ಹತ್ತರವರೆಗೆ ನೇರ ಪ್ರಸಾರ, ಎಂಟೂವರೆಗೆ ಚರ್ಚಿನ ಆರಾಧನೆ, ಅಲ್ಲಿ ಮೇಷ್ಟ್ರು ನುಡಿಸುವ ಹೊತ್ತಿಗೆ ಇಲ್ಲಿ ಅವಳು ಬೇರೆಯವರ ಹಾಡು ಹಾಕುತ್ತಿದ್ದಳು, ಆರ್ಗನ್ ಮೇಷ್ಟ್ರ ಹೆಂಡತಿ ಚರ್ಚಿಗೇ ಬರೋದಿಲ್ಲ ಎಂದು ಹಿಂದಿನ ಬೆಂಚಿನ ಹೆಂಗಸರು ಆಡಿಕೊಂಡಾಗ ಪಾದ್ರಿಗಳೇ ಅವಳ ಪರ ನಿಂತಿದ್ದರು, ಆಯಮ್ಮ ನಿಮ್ಮೆಲ್ಲರ ಮನೆ ಅಡುಗೆಮನೆಯಲ್ಲೇ ಚರ್ಚು ನಡೆಸ್ತಿದ್ದಾರೆ, ಬಿಡಿ. ಮಗಳು ಹಾಗಲ್ಲ, ಅವಳಿಗೆ ಅಪ್ಪ ಪೂರ್ತಿ ಸಿಕ್ಕಿದ್ದರು, ಬೆಳಿಗ್ಗೆ ಅಮ್ಮ ಮನೆ ಬಿಟ್ಟಮೇಲೆ ಹೆಡ್‌ಫೋನು ಕಿತ್ತು ಗಟ್ಟಿಯಾಗಿ ನುಡಿಸುತ್ತಿದ್ದರಂತೆ, ಆರಕ್ಕೆ ಸರಿಯಾಗಿ ನಿಲ್ಲಿಸಿ ರೇಡಿಯೋ ಹಾಕುತ್ತಿದ್ದರಂತೆ, ಮಗಳಿಗೆ ಎರಡು ಜಡೆ ಹೆಣೆಯುತ್ತ ನಿನ್ನಮ್ಮ ಬಂದಳು ನೋಡು, ಮಾತಾಡಬೇಡ, ಕೇಳು, ಅನ್ನುತ್ತಿದ್ದರಂತೆ. ಇದನ್ನು ಮಗಳು ಹೇಳಿದ್ದು ಮೊನ್ನೆ, ಸಮಾಧಿಯಿಂದ ವಾಪಸು ಬರುವಾಗ ಕಾರಿನಲ್ಲಿ, ನೀನು ಮಾತಾಡೋವಾಗ ಜಡೆ ಹೆಣೆಯೋ ಕೈ ನಿಂತುಬಿಡ್ತಿತ್ತಮ್ಮ, ನಂಗೆ ಸ್ಕೂಲಿಗೆ ಲೇಟಾಗ್ತಿತ್ತು. ಅವಳು ಆಗ ಕಿಟಕಿಯಾಚೆ ನೋಡುತ್ತ ಹೂಂ ಅಂದಿದ್ದಳು.

ಹದಿನಾಲ್ಕು ವರ್ಷದ ಹಿಂದೆ ಮೇಷ್ಟ್ರಿಗೆ ಪಾರ್ಶ್ವವಾಯು ಹೊಡೆದು ಬಲಭಾಗ ಬಿದ್ದುಹೋಯಿತು, ಅಲ್ಲಿಗೆ ನುಡಿಸುವುದು ನಿಂತಿತು, ಆಗ ಮನೆಯಲ್ಲಿದ್ದುದು ಬಟನ್ ಒತ್ತುವ ಫೋನು, ಅದರಲ್ಲಿ ಏನು ರೆಕಾರ್ಡು ಆದೀತು, ಮೊನ್ನೆ ಅಮ್ಮ ಮಗಳು ಚರ್ಚಿನ ಮದುವೆಗಳ ವಿಡಿಯೋ ತರಿಸಿ ನೋಡಿದರು, ಎಲ್ಲದರಲ್ಲೂ ಮದುವೆ ಹೆಣ್ಣಿನ ಅತ್ತೆಯರು ಕುರ್ಚಿ ಎಳೆಯುವ ಸದ್ದೇ ಸದ್ದು. ಒಂದು ಕ್ಯಾಸೆಟ್ಟು ಇತ್ತು, ಬೆಳಗಿನ ಸ್ತುತಿ ಎಂಬ ಹೆಸರಿನಲ್ಲಿ ಸ್ಟೇಷನ್ನಿನವರೇ ತಂದದ್ದು, ಅಂಗಡಿಯಲ್ಲಿ ಮಾರಾಟವಾಗಿ ಎಷ್ಟೋ ಮನೆಯಲ್ಲಿ ಇವತ್ತಿಗೂ ಇರುವಂಥದು, ಅದರಲ್ಲಿ ಮೇಷ್ಟ್ರಿಲ್ಲ. ಬೇಡ ಅಂದವಳು ಅವಳೇ. ದೊಡ್ಡ ಪಟ್ಟಣದಿಂದ ವಾದ್ಯವೃಂದ ಕರೆಸೋಣ, ಇದು ಕ್ಯಾಸೆಟ್ಟು, ನಾಲ್ಕು ಜನ ದುಡ್ಡು ಕೊಟ್ಟು ಕೊಳ್ಳೋದು, ಒಂದು ಆರ್ಗನ್ ಇಟ್ಕೊಂಡು ಎಷ್ಟು ಅಂತ ಮಾಡೋದು, ಎಂದು ಸಭೆಯಲ್ಲಿ ಹೇಳಿ ಮನೆಗೆ ಬಂದು ಮೇಷ್ಟ್ರಿಗೂ ಹೇಳಿದಳು, ನಿಮಗೆ ಬೇಜಾರಿಲ್ಲ ತಾನೇ, ಛೇ ಬೇಜಾರೇನು, ಒಳ್ಳೇದೇ ಆಯ್ತು, ಅಂದರು, ರೆಕಾರ್ಡಿಂಗಿನ ದಿನ ಶಾಲೆಗೆ ರಜ ಹಾಕಿ ಬಂದು ಆ ವಾದ್ಯದವರಿಗೆಲ್ಲ ಕಾಫಿ ತಂದುಕೊಟ್ಟರು, ಟ್ರೇ ಹಿಡಿದು ಕಾಲಿನಿಂದ ಬಾಗಿಲು ನೂಕಿಕೊಂಡು ಒಳಗೆ ಬಂದದ್ದು ಕಣ್ಣಿಗೆ ಕಟ್ಟಿದ ಹಾಗಿದೆ, ಹನ್ನೊಂದು ಲೋಟ, ಸಕ್ಕರೆ ಇಲ್ಲದ್ದು ಒಂದು, ಅದು ಯಾರಿಗೆ ಎಂದು ಕೇಳುತ್ತ ಸಾಲಾಗಿ ನಡೆದರು. ಕ್ಯಾಸೆಟ್ಟಿನ ಪೀಠಿಕೆಗಳ ಮೇಲೂ ಮಾತು ಅವಳದೇ, ಆದರೆ ಆವತ್ತು ಅದು ಹಾಡಿಗೆ ಕೂರಲೇ ಇಲ್ಲ. ಒಂದು ಸಲ ಮುಂಚೆ ಮುಗಿಯುತ್ತದೆ, ಒಂದು ಸಲ ಹಾಡುಗಾರನ ದನಿಯ ಮೇಲೆ ಹತ್ತುತ್ತದೆ, ಎಂಟು ಸಲ, ಒಂಬತ್ತು ಸಲ, ಬೆವರು ಒರೆಸಿಕೊಂಡು ಇಂಜಿನಿಯರನ ಮೇಲೆ ಹರಿಹಾಯ್ದಳು, ನೀನು ಸರಿಯಾಗಿ ಸನ್ನೆ ಮಾಡ್ತಿಲ್ಲ, ನಿದ್ದೆಗಣ್ಣಲ್ಲಿ ಕೂತಿದ್ದೀಯ. ಅವನು ಆಗಿನ್ನೂ ಕೂದಲಿದ್ದ ತಲೆ ಕೆರೆದುಕೊಂಡ. ನಿನಗೆ ಅದು ನೆನಪಿದೆಯೇನಪ್ಪ, ಎಂದು ಕೇಳಬೇಕೆನಿಸುತ್ತದೆ, ಕೇಳುವುದಿಲ್ಲ, ಅವನು ಈಗ ಹಣೆಯ ಕನ್ನಡಕವನ್ನು ಮೇಜಿನ ಮೇಲೆ ಹುಡುಕುತ್ತಿದ್ದಾನೆ. ಹಣೆ ಮೇಲಿದೆ, ಅನ್ನುತ್ತಾಳೆ. ಅಯ್ಯೋ ದೇವ್ರೇ, ಅನ್ನುತ್ತಾನೆ, ಅಕ್ಕಾ, ಒಂದು ಮಾಡೋಣ, ಈಗ ಕಂಪ್ಯೂಟರಿನಲ್ಲಿ ಮಾತು ಬೇರೆ, ವಾದ್ಯ ಬೇರೆ ಮಾಡೋ ಪ್ರೋಗ್ರಾಮು ಬಂದಿದೆ, ನಿಮ್ಮನ್ನ ಎತ್ತಿ ಆಚೆ ಇಡುತ್ತೆ, ಬೇಜಾರು ಮಾಡ್ಕೋಬೇಡಿ ಮತ್ತೆ. ಇಡಪ್ಪ, ಅದಕ್ಕೇ ಬಂದಿರೋದು.

ಕಂಪ್ಯೂಟರಿನ ಪರದೆಯ ಮೇಲೆ ಹಸಿರು ಗೆರೆಗಳು, ಮಾತಿನ ಗೆರೆ ದಪ್ಪ, ಗುಡ್ಡದ ಹಿಂದೆ ಗುಡ್ಡ, ಅದನ್ನು ಆರಿಸಿ ಅಳಿಸಿದ, ಗುಡ್ಡಗಳು ಹೋದವು, ಈಗ ಕೇಳಿ ಅಂದ, ಅವಳು ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿಕೊಂಡಳು. ಎಡಗೈ ಒತ್ತಿ ಹಿಡಿದ ಸ್ವರಗಳು ಬಂದವು, ದಪ್ಪ, ಮೆತ್ತಗೆ, ಬಂದು ನಿಂತವು, ಇನ್ನೊಂದು ಬಂತು, ಅದೂ ನಿಂತಿತು, ಮತ್ತೊಂದು, ಹಾಡುಗಾರನ ದನಿ ಏಳುವವರೆಗೂ ಅಷ್ಟೇ, ನೆಲ ಇದೆ, ಮನೆ ಇಲ್ಲ. ಟ್ಯೂನು ಎಲ್ಲಿ ಹೋಯ್ತು, ಅಂದಳು, ನಿನ್ನ ಪ್ರೋಗ್ರಾಮು ಅದನ್ನೂ ಅಳಿಸಿತೇನೋ. ಇಲ್ಲ ಅಕ್ಕಾ, ಗೆರೆ ನೋಡಿ, ಇದ್ದಿದ್ದೇ ಇಷ್ಟು. ಎರಡನೆಯದು ಹಾಕಿಸಿದಳು, ಮೂರನೆಯದು, ಆರನೆಯದು, ಕುರುಬನ ಹಾಡು, ಶಿಲುಬೆಯ ಹಾಡು, ಎಲ್ಲ ಅದೇ, ಎಡಗೈ ಒಂದು ಸ್ವರ ಒತ್ತಿ ಹಿಡಿಯುತ್ತದೆ, ಟ್ಯೂನು ನುಡಿಸುವ ಬಲಗೈ ಇಲ್ಲ, ಪಾರ್ಶ್ವವಾಯು ಬಡಿಯುವುದಕ್ಕೆ ವರ್ಷಗಟ್ಟಲೆ ಮುಂಚಿನ ಟೇಪುಗಳಲ್ಲೂ ಬಲಗೈ ಇಲ್ಲ. ಇಂಜಿನಿಯರ್ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಏನೋ ಕಾಯ್ತಿರೋ ಹಾಗಿದೆ ಅಲ್ವಾ ಅಕ್ಕಾ, ಬಸ್ ಸ್ಟಾಪಲ್ಲಿ ನಿಂತಿರೋ ಹಾಗೆ, ಅಂದ, ತಮಾಷೆಗೆ ಅಂದದ್ದೇ, ಆದರೆ ಅವಳಿಗೆ ನಗು ಬರಲಿಲ್ಲ. ಇನ್ನೂ ಹಳೇದಿದೆಯಾ. ಇದೆ, ಮೊದಲ ನಾಲ್ಕು ವರ್ಷದ್ದು ಒಂದೆರಡು, ಕೇಳೋ ಹಾಗಿದೆಯೋ ಇಲ್ವೋ. ಅದನ್ನ ಹಾಕು. ಮಾತು ತೆಗೆದು ಹಾಕ್ಲಾ. ಬೇಡ, ಇದ್ದ ಹಾಗೇ ಹಾಕು.

ಮೂವತ್ತೊಂದರ ವಯಸ್ಸಿನ ಅವಳು ಬಂದಳು, ದನಿಯಲ್ಲಿ ಜೇನಿಲ್ಲ, ಹೆದರಿಕೆ ಇದೆ, ಪ್ರಿಯ ಕೇಳುಗರೇ ಶುಭೋದಯ, ಎಂದು ಹೇಳಿ ಸರಕ್ಕನೆ ಒಂದು ಉಸಿರು ತೆಗೆದುಕೊಂಡಳು, ಆ ಉಸಿರಿನ ಜಾಗದಲ್ಲಿ, ಇಷ್ಟೇ ಇಷ್ಟು ಜಾಗದಲ್ಲಿ, ಆರ್ಗನ್ ನಾಲ್ಕು ಸ್ವರ ಹತ್ತಿ ಇಳಿಯಿತು, ಈ ಹಾಡನ್ನು ಕೇಳಿರುವವರು ಬೇಕರಿಯಲ್ಲಿ ಕೆಲಸ ಮಾಡುವ ಅಣ್ಣತಮ್ಮಂದಿರು, ಎಂದು ಹೇಳಿ ಮತ್ತೊಂದು ಉಸಿರು, ಮತ್ತೆ ಬಂತು, ಈ ಸಲ ಬೇರೆ ತಿರುವು, ಕೇಳಿದ್ದಕ್ಕೆ ಮರುಮಾತು ಹೇಳುವ ಹಾಗೆ, ದೇವರ ಕೃಪೆ ನಿಮ್ಮ ಕೈಕೆಲಸದ ಮೇಲಿರಲಿ, ಮೂರನೆಯ ಉಸಿರು, ಮೂರನೆಯ ಸಲ ಮೆಲ್ಲಗೆ ಏರುತ್ತ ಬಂದ ಆ ಸ್ವರಗಳು ಇನ್ನು ಮುಗಿಸು, ಇನ್ನು ಮುಗಿಸು ಎಂದು ಅವಳನ್ನು ಕೈಹಿಡಿದು ಮೆಟ್ಟಿಲಿಳಿಸಿದವು, ಹಾಡಿನ ಹೆಸರು ಹೇಳಿದಳು, ಹಾಡು ಎದ್ದಿತು. ಸೂಜಿಗೆ ದಾರ. ಇನ್ನೊಂದು ಸಲ ಹಾಕು, ಅಂದಳು. ಹಾಕಿದ. ಇನ್ನೊಂದು ಸಲ. ಶುಭೋದಯ, ಉಸಿರು, ನಾಲ್ಕು ಸ್ವರ. ಇದು ಟೇಪಿನಲ್ಲಿ ಮೊದಲೇ ಮುದ್ರಿಸಿದ ವಾದ್ಯ, ಅವಳು ಅದರ ಮೇಲೆ ಮಾತಾಡಿದ್ದು ದಿನಗಟ್ಟಲೆ ಆಮೇಲೆ, ಆದರೂ ಅವಳ ಉಸಿರು ಎಲ್ಲಿ ಬೀಳುತ್ತದೆ ಎಂದು ಮೇಷ್ಟ್ರಿಗೆ ಮುಂಚೆಯೇ ಗೊತ್ತಿತ್ತು, ಬೆಳಗೆದ್ದು ರೇಡಿಯೋ ಮುಂದೆ ಜಡೆ ಹೆಣೆಯುವುದು ಬಿಟ್ಟು ಕೇಳಿ ಕೇಳಿ ಕಲಿತಿದ್ದರು, ಅಳತೆ ಅವಳದಾಗಿರಲಿಲ್ಲ, ಅವರದಾಗಿತ್ತು, ಇವಳು ಹಾಡಿಗೆ ಸರಿಯಾಗಿ ಮಾತಾಡುತ್ತಿರಲಿಲ್ಲ, ಇವಳ ಮಾತಿಗೆ ಸರಿಯಾಗಿ ಅವರು ಹಾಡು ಹೊಲಿದಿದ್ದರು. ಒಳಗಿಂದ ಬರಬೇಕು ಎಂದು ಕಣ್ಣು ಮುಚ್ಚುತ್ತಿದ್ದೆನಲ್ಲ. ದೇವರೇ, ಎಂದುಕೊಂಡಳು, ಬೆಳಿಗ್ಗೆ ಬೆಳಿಗ್ಗೆ ಎಷ್ಟು ಸಾವಿರ ಸಲ ಮೈಕಿನಲ್ಲಿ ಹೇಳಿದ ಮಾತು, ಈಗ ಮೈಕಿಲ್ಲದೆ ಹೇಳಿದಾಗ ಎಷ್ಟು ಚಿಕ್ಕದಾಗಿದೆ.

ಮತ್ತೆ ಆ ಬಲಗೈ ಯಾಕೆ ನಿಂತುಹೋಯಿತು ಎಂಬುದು, ಅದು ಅವಳಿಗೆ ಗೊತ್ತು, ಇಷ್ಟು ಹೊತ್ತೂ ಗೊತ್ತಿತ್ತು, ಬಾಗಿಲ ಹಿಂದೆ ನಿಂತವರನ್ನು ನೋಡಿಯೂ ನೋಡದ ಹಾಗೆ ಇದ್ದಳು ಅಷ್ಟೇ. ನಾಲ್ಕನೆಯ ವರ್ಷ ನಿರೂಪಕರ ಸ್ಪರ್ಧೆಗೆ ಕಾರ್ಯಕ್ರಮ ಕಳಿಸಿದ್ದಳು, ಎರಡನೆಯ ಬಹುಮಾನ ಬಂತು, ಜೊತೆಗೆ ತೀರ್ಪುಗಾರರ ಒಂದು ಸಾಲು, ದನಿ ಚೆನ್ನಾಗಿದೆ, ಉಸಿರಾಟ ಕೇಳಿಸುತ್ತದೆ. ಆ ಕಾಗದ ಬಂದ ದಿನವೇ ಊಟಕ್ಕೆ ಕೂತಾಗ ಮೇಷ್ಟ್ರು, ಆ ಕಾಗದದ ವಿಚಾರ ಗೊತ್ತಿಲ್ಲದ ಮೇಷ್ಟ್ರು, ಸುಮ್ಮನೆ, ಏನೋ ಒಳ್ಳೆಯ ಸುದ್ದಿ ಹೇಳುವವರ ಹಾಗೆ ಮುಖ ಮಾಡಿಕೊಂಡು, ನೀನು ಉಸಿರು ತಗೊಳ್ಳೋದು ನಂಗೆ ಎಷ್ಟು ಚೆನ್ನಾಗಿ ಕೇಳಿಸುತ್ತೆ ಗೊತ್ತಾ, ಅಂದರು. ಅವಳು ತಟ್ಟೆ ನೂಕಿ ಎದ್ದಳು. ನೀವೂ ಶುರು ಮಾಡಿದ್ರಾ, ಅಂದಳು. ಅಯ್ಯೋ ನಾನೇನಂದೆ, ಏನಂದೆ ಅಂತ ಕೇಳ್ತೀರಲ್ಲ, ಅಲ್ಲ ಕಣೇ, ನಾನು ಹೇಳಿದ್ದು — ಹೇಳೋದು ಬೇಡ, ಸಾಕು. ಹೇಳುವುದು ಅಲ್ಲಿಗೇ ನಿಂತಿತು. ಮೂರು ದಿನ ಮಾತಿಲ್ಲ. ಆಮೇಲೆ ಅವಳು ಹಟ ಹಿಡಿದು ಕಲಿತಳು, ಮೂಗಿನ ಮುಂದೆ ತೆಳು ಕಾಗದ ಹಿಡಿದು ಅದು ಅಲುಗಾಡದ ಹಾಗೆ ಓದುವುದು, ತಲೆಯನ್ನು ಕೂದಲಷ್ಟು ಪಕ್ಕಕ್ಕೆ ಮಾಡಿ ಕದ್ದು ಉಸಿರೆಳೆಯುವುದು, ಪೀಠಿಕೆ ಶುರುವಾದಲ್ಲಿಂದ ಮುಗಿಯುವವರೆಗೂ ಒಂದೇ ಗುಕ್ಕಿಗೆ ಮಾತಾಡುವುದು, ಮರುವರ್ಷ ಮೊದಲ ಬಹುಮಾನ, ವೇದಿಕೆಯ ಕೆಳಗೆ ಎರಡನೆಯ ಸಾಲಿನಲ್ಲಿ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಮೇಷ್ಟ್ರು. ನಾನು ಮಾತಿನಿಂದ ಮುಚ್ಚಿಬಿಟ್ಟೆ, ಅವರಿಗಿದ್ದ ಮೂರು ಸಂದಿಯನ್ನೂ ಮುಚ್ಚಿಬಿಟ್ಟೆ. ಮುಚ್ಚಿದ್ದರ ಕೆಳಗೆ ಅವರು ಸುಮ್ಮನೆ ನುಡಿಸಿಕೊಂಡಾದರೂ ಇರಬಹುದಿತ್ತು, ಯಾರು ಬೇಡ ಅಂದಿದ್ದರು, ನನ್ನ ಮಾತನ್ನು ತುಳಿದುಕೊಂಡು ಹೋಗಬಹುದಿತ್ತು, ಹೋಗಲಿಲ್ಲ.

ಆಗ ಅವಳಿಗೆ ಗಾಜು ಕಾಣಿಸುತ್ತದೆ, ಈ ಕೋಣೆಗೂ ಸ್ಟುಡಿಯೋಕ್ಕೂ ನಡುವಿನ ದಪ್ಪ ಗಾಜು, ಅದರಾಚೆ, ಎಷ್ಟೋ ವರ್ಷದ ಹಿಂದಿನ ಒಂದು ರೆಕಾರ್ಡಿಂಗಿನ ದಿನ, ಮೇಷ್ಟ್ರು ಆರ್ಗನ್ನಿನ ಮುಂದೆ, ಎಡಗೈ ಸ್ವರದ ಮೇಲೆ, ಬಲಗೈ ಕೀಲಿಗಳಿಂದ ಒಂದು ಗೇಣು ಮೇಲೆ ಎತ್ತಿ ಹಿಡಿದಿದೆ, ಬೆರಳು ಸ್ವಲ್ಪ ಬಾಗಿದೆ, ಬೀಳುವುದಿಲ್ಲ. ಇವಳು ಈಚೆಯಿಂದ ಗಾಜಿಗೆ ಬೆರಳು ಬಡಿದು ಸನ್ನೆ ಮಾಡುತ್ತಾಳೆ, ನುಡಿಸಿ, ನುಡಿಸಿ, ಟೇಪು ಓಡುತ್ತಿದೆ, ಅವರು ತಲೆ ಎತ್ತಿ ನೋಡಿ ಮುಗುಳ್ನಕ್ಕು ಮತ್ತೆ ಹಾಗೇ ಕೂರುತ್ತಾರೆ, ಮುದ್ರಣ ಮುಗಿದಮೇಲೆ ಬಾಗಿಲು ತೆರೆದು ಕೇಳಿದ್ದಳು, ಎಲ್ಲರ ಎದುರಿಗೆ, ಅದ್ಯಾಕೆ ಕೈ ಎತ್ಕೊಂಡು ಕೂತಿರ್ತೀರಾ ಮೇಷ್ಟ್ರೇ, ಟ್ಯೂನು ಮರೆತುಹೋಯ್ತಾ. ಇನ್ನೂ ನಿನ್ನ ಮಾತು ಮುಗಿದಿಲ್ಲವಲ್ಲ, ಅಂದರು. ಅವಳು ಆಗ ಮಾತೇ ಆಡುತ್ತಿರಲಿಲ್ಲ, ಮೈಕಿನ ಹತ್ತಿರವೂ ಇರಲಿಲ್ಲ, ಆದ್ದರಿಂದ ಹಾಡುಗಾರ ನಕ್ಕ, ತಬಲಾದವನು ನಕ್ಕ, ಈ ಇಂಜಿನಿಯರನೂ ನಕ್ಕಿದ್ದ, ಹೆಂಡತಿ ಬಾಯಿ ಮುಂದೆ ಗಂಡನ ಪಾಡು ಎಂದು ಎಲ್ಲರೂ ಹೊಟ್ಟೆ ತುಂಬ ನಕ್ಕರು, ಅವಳೂ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು, ಮೇಷ್ಟ್ರೂ ನಕ್ಕರು, ನಗುವಾಗಲೂ ಆ ಕೈ — ಫೋನು ಮೇಜಿನ ಮೇಲೆ ಗುರುಗುಟ್ಟುತ್ತಿದೆ. ಅಕ್ಕಾ, ಮಗಳು, ಅಂದ ಇಂಜಿನಿಯರ್. ಎತ್ತಿಕೊಂಡಳು. ಅಮ್ಮ, ಸಿಕ್ತಾ. ಮೂವತ್ತೊಂದು ವರ್ಷದಲ್ಲಿ ಎರಡು ಸೆಕೆಂಡಿನ ಮೌನವನ್ನೂ ಪ್ರಸಾರಕ್ಕೆ ಬಿಟ್ಟವಳಲ್ಲ, ಈಗ ಬಾಯಿ ತೆರೆದರೆ ಏನೂ ಬರುತ್ತಿಲ್ಲ, ಉಸಿರು ಮಾತ್ರ ಸರಕ್ಕನೆ ಒಳಗೆ ಹೋಯಿತು, ಅಮ್ಮ, ಕೇಳಿಸ್ತಿದೆಯಾ, ಇದ್ದೀಯಾ. ಇದ್ದೀನಿ, ಸಿಕ್ಕಿದೆ, ಹನ್ನೆರಡು ಸೆಕೆಂಡು ಇದ್ದೀತು, ಅದೂ ಮೂರು ತುಂಡು. ಅಷ್ಟೇನಾ, ಮಾತಿಲ್ಲ ತಾನೇ. ಮಾತು ತೆಗೆದ್ರೆ ಅದು ಯಾಕೆ ಅಲ್ಲಲ್ಲಿ ನಿಂತಿದೆ ಅಂತ ಗೊತ್ತಾಗಲ್ಲ ಕಣೇ, ನಡುವೆ ನಾನಿದ್ದೀನಿ. ಆಚೆ ಕಡೆ ಮಗಳು ಪಾತ್ರೆ ಇಟ್ಟ ಸದ್ದು, ನಲ್ಲಿ ನಿಲ್ಲಿಸಿದ ಸದ್ದು, ಆಮೇಲೆ, ಸರಿ, ತಗೊಂಡು ಬಾ, ಹೇಗಿದೆಯೋ ಹಾಗೇ ತಗೊಂಡು ಬಾ, ಅಂದು ಫೋನು ಇಟ್ಟಳು, ಆ ದನಿಯಲ್ಲಿ ಕ್ಷಮೆ ಇತ್ತೋ ಆಯಾಸ ಇತ್ತೋ ಗೊತ್ತಾಗಲಿಲ್ಲ, ದನಿಗಳನ್ನು ಅಳೆದು ಬದುಕಿದವಳಿಗೆ ಮಗಳ ದನಿ ಅಳೆಯಲು ಬರಲಿಲ್ಲ. ಕಾಪಿ ಮಾಡ್ತೀನಿ ಅಕ್ಕಾ, ಎಂದು ಇಂಜಿನಿಯರ್ ಯಾವುದೋ ಗುಂಡಿ ಒತ್ತಿದ, ಬೇರೆಯದು ಶುರುವಾಯಿತು, ಮಾತು ತೆಗೆದ ಆ ಕುರುಬನ ಹಾಡು, ಅಯ್ಯೋ ತಪ್ಪಾಯ್ತು, ಇದಲ್ಲ, ಅಂದ, ಬಿಡು, ಓಡಲಿ, ಅಂದಳು. ಇಪ್ಪತ್ತಾರು ಸೆಕೆಂಡು. ಎಡಗೈ ಒಂದು ಸ್ವರವನ್ನು ಒತ್ತಿತು, ಒತ್ತಿ ಹಿಡಿಯಿತು, ಅವಳು ಮಾತಾಡಲಿಲ್ಲ, ಗಾಜಿನಾಚೆ ಬಲಗೈ ಎತ್ತಿದೆ, ಎರಡನೆಯ ಸ್ವರ, ಅವಳು ಉಸಿರೆಳೆದುಕೊಂಡಳು, ಗಟ್ಟಿಯಾಗಿ, ಕೇಳಿಸುವ ಹಾಗೆ, ಈಗ, ಈಗ ನುಡಿಸಿ ಮೇಷ್ಟ್ರೇ, ಮುಗಿಯಿತು, ನನ್ನ ಮಾತು ಮುಗಿಯಿತು, ಮೂರನೆಯ ಸ್ವರ ಬಂದು ನಿಂತಿತು, ಒಂದು ಗೇಣು ಮೇಲೆ ಕೈ, ಬೆರಳು ಸ್ವಲ್ಪ ಬಾಗಿದೆ, ಕೈ, ಗಾಜಿನಾಚೆ ಎತ್ತಿದ ಕೈ